ಎಂಬತ್ತಾರು ಬೊಂಬೆಗಳ ಸೇತುವೆ

ಅಚ್ಚಣ್ಣನಿಗೆ ಮುಖಗಳು ನೆನಪಿರುವುದಿಲ್ಲ, ಬಾಯಿಗಳು ನೆನಪಿರುತ್ತವೆ. ಬೀದಿಯಲ್ಲಿ ಯಾರಾದರೂ ಎದುರಾಗಿ “ಏನಣ್ಣ, ಕಾಣಿಸೋದೇ ಇಲ್ಲ” ಎಂದು ಕೈ ಹಿಡಿದರೆ, ಯಾರಿವನು ಎಂದು ಪಿಳಿಪಿಳಿ ಕಣ್ಣು ಬಿಡುತ್ತಾನೆ. ಹಿಡಿದವನು ನಕ್ಕನೋ, ಗುರುತು ಸಿಕ್ಕಿತು. “ಓ, ನೀವಾ. ಮೇಲಿನ ಹಲ್ಲಿನ ಸೆಟ್ಟು ಸರಿಯಾಗಿ ಕೂತಿದೆಯಾ, ಒತ್ತುತ್ತಾ?” ಎಂದು ನಡುಬೀದಿಯಲ್ಲೇ ಅವನ ಬಾಯಿಗೆ ಬೆರಳು ಹಾಕಲು ಹೋಗುತ್ತಾನೆ.

ಹದಿನೇಳನೇ ವಯಸ್ಸಿಗೆ ಹೊಳೆದಂಡೆಯ ಬಾಟಲಿ ಕಾರ್ಖಾನೆ ಸೇರಿದವನು. ಕಾದ ಗಾಜನ್ನು ಊದಿ ತುಂಬುವ ಕಬ್ಬಿಣದ ಅಚ್ಚುಗಳನ್ನು ಉಜ್ಜಿ ಎಣ್ಣೆ ಸವರಿಡುವುದು ಅವನ ಕೆಲಸ. ಅದಕ್ಕೇ ಅಚ್ಚಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿತ್ತು; ಕಾರ್ಖಾನೆ ಮುಚ್ಚಿದ ಮೇಲೆ ಅದೂ ರದ್ದಿಗೆ ಹೋಯಿತು. ಆಮೇಲೆ ಹಲ್ಲಿನ ಡಾಕ್ಟರೊಬ್ಬರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲು ಮಾಡಲು ಕಲಿತ. “ಬಾಟಲಿಯಾದ್ರೇನು, ಬಾಯಾದ್ರೇನು, ಎರಡೂ ಒಳಗೆ ಪೊಳ್ಳು” ಎನ್ನುತ್ತಿದ್ದ. ಊರಿನ ಅರ್ಧ ಮುದುಕರು ಇವತ್ತು ಅಗಿಯುವುದು ಅವನ ಕೈಕೆಲಸದಿಂದಲೇ. ನಮ್ಮ ಹಳೆಯ ಕಾರ್ಮಿಕ ಸಂಘದವರಿಗಂತೂ ಘೋಷಣೆ ಕೂಗುವ ಹಲ್ಲು ಒಂದೂ ಸ್ವಂತದ್ದಲ್ಲ.

ಮದುವೆಯಾಗಲಿಲ್ಲ. ನಲವತ್ತರ ಸುಮಾರಿಗೆ ಒಂದು ಕಡೆ ಮಾತುಕತೆ ನಡೆದಿತ್ತು. ಹೆಣ್ಣು ಚಹಾ ತಂದುಕೊಟ್ಟು ಎದುರು ಕೂತಾಗ ಇವನು ಅರ್ಧ ಗಂಟೆ ಸುಮ್ಮನಿದ್ದು, ಕೊನೆಗೆ “ನಿಮ್ಮ ಕೋರೆಹಲ್ಲು ಬಹಳ ಗಟ್ಟಿ” ಎಂದನಂತೆ. ಅಲ್ಲಿಗೆ ಮುಗಿಯಿತು. ಮೊದಲಿನ ಹಾಗೇ ಅಕ್ಕನ ಜೊತೆಗೇ ಇದ್ದಾನೆ, ಕೊಡೆ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಅಕ್ಕ ಗಂಡನನ್ನು ಬೇಗ ಕಳೆದುಕೊಂಡವಳು, ಹೊಳೆಯಾಚೆಯ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದವಳು. ಈಗ ಮನೆಯಲ್ಲೇ ಇಸ್ತ್ರಿ ಮಾಡುತ್ತಾಳೆ. ಅವಳ ನಾಲಿಗೆ ಇಸ್ತ್ರಿಪೆಟ್ಟಿಗೆಗಿಂತ ಬಿಸಿ, ಮತ್ತು ಆರುವುದು ನಿಧಾನ.

ಅಚ್ಚಣ್ಣನ ಬಾಳಿನಲ್ಲಿ ಹೇಳಿಕೊಳ್ಳುವಂಥ ದಿನ ಒಂದೇ ಒಂದು. ಮೂವತ್ತು ವರ್ಷದ ಹಿಂದೆ ಮಾಲೀಕರು ಕಾರ್ಖಾನೆಯ ಯಂತ್ರಗಳನ್ನು ಲಾರಿಗೆ ತುಂಬಿಸಿ ಹೊಳೆಯಾಚೆಗೆ ಸಾಗಿಸಲು ಹೊರಟಿದ್ದರು. ಯಂತ್ರ ಹೋದರೆ ಕೆಲಸ ಹೋಯಿತು. ನಾವು ಎಂಬತ್ತಾರು ಜನ ಬೆಳಗ್ಗೆ ಹನ್ನೊಂದಕ್ಕೆ ಸೇತುವೆಯ ಮೇಲೆ ತೋಳಿಗೆ ತೋಳು ಕೊಕ್ಕೆ ಹಾಕಿಕೊಂಡು ಕೂತೆವು. ಹನ್ನೆರಡಕ್ಕೆ ಕಾರ್ಖಾನೆ ಕಡೆಯ ತುದಿಗೆ ನಲವತ್ತು ಪೊಲೀಸರು ಬಂದರು. ಎಳೆದರು, ಬಡಿದರು, ಅಲ್ಲೊಬ್ಬ ಇಲ್ಲೊಬ್ಬನನ್ನು ಎತ್ತಿದರು. ಇನ್ನೂ ಅರವತ್ತು ಜನ ಪೊಲೀಸರು ದೊಡ್ಡ ವ್ಯಾನಿನಲ್ಲಿ ಆಚೆದಂಡೆಯ ಇಳಿಜಾರು ರಸ್ತೆ ಹತ್ತಿ ಹಿಂದಿನಿಂದ ಬರುತ್ತಾರೆ, ಹನ್ನೆರಡೂವರೆಗೆ ನಮ್ಮ ಕಥೆ ಮುಗಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಆ ಅರವತ್ತು ಜನ ಬರಲೇ ಇಲ್ಲ. ಮೂರು ಗಂಟೆಗೆ ಕೋರ್ಟಿನ ತಡೆಯಾಜ್ಞೆ ಬಂತು. ಲಾರಿಗಳು ಹಿಂದಕ್ಕೆ ಹೋದವು. ಕಾರ್ಖಾನೆ ಇನ್ನೂ ಹನ್ನೊಂದು ವರ್ಷ ನಡೆಯಿತು.

ಅರವತ್ತು ಜನ ಯಾಕೆ ಬರಲಿಲ್ಲ? ನಮ್ಮ ಕಾರ್ಯದರ್ಶಿಯ ಬಳಿ ಉತ್ತರ ಸಿದ್ಧವಿತ್ತು. “ನಮ್ಮ ಘೋಷಣೆ ಹೊಳೆಯಾಚೆಗೂ ಕೇಳಿಸ್ತು. ಎದೆ ನಡುಗಿ ವಾಪಸ್ ಹೋದ್ರು.” ಪ್ರತಿ ವರ್ಷದ ನೆನಪಿನ ಸಭೆಯಲ್ಲೂ ಇದನ್ನೇ ಹೇಳಿದರು. ನಾವೂ ಚಪ್ಪಾಳೆ ತಟ್ಟಿದೆವು. ನಮ್ಮ ಗಂಟಲನ್ನು ಹೊಗಳಿದರೆ ನಾವು ಯಾಕೆ ಬೇಡ ಅನ್ನೋಣ.

ಮೂರು ವರ್ಷದ ಹಿಂದೆ ಆ ಹಲ್ಲಿನ ಆಸ್ಪತ್ರೆಗೆ ಹೊಸದಾಗಿ ಬಂದ ಎಳೆಯ ಡಾಕ್ಟರು ಅಚ್ಚಣ್ಣನ ಕಥೆಯನ್ನು ಹದಿನೈದನೇ ಸಲ ಕೇಳಿಸಿಕೊಂಡು, ಕೈ ತೊಳೆಯುತ್ತಾ ಹೇಳಿದರಂತೆ: “ಬಿಡಿ ಅಣ್ಣ, ನೂರು ಜನ ಪೊಲೀಸ್ರು ಮನಸ್ಸು ಮಾಡಿದ್ರೆ ಎಂಬತ್ತಾರು ಜನ ಯಾವ ಲೆಕ್ಕ. ಮೇಲಿಂದ ಹೇಳಿರ್ತಾರೆ, ಕೂತಿರ್ಲಿ ಬಿಡಿ ಅಂತ. ನೀವು ಹಿಡಿದು ನಿಲ್ಲಿಸಿದ್ದಲ್ಲ, ಅವ್ರು ಬಿಟ್ಟಿದ್ದು.”

ಅಚ್ಚಣ್ಣ ಆ ದಿನ ಒಂದು ದವಡೆಯನ್ನು ತಲೆಕೆಳಗಾಗಿ ಎರಕ ಹೊಯ್ದ. ಹದಿನಾರು ವರ್ಷದ ಕೆಲಸದಲ್ಲಿ ಅದೇ ಮೊದಲ ತಪ್ಪು. ನನ್ನ ಮನೆಗೆ ಬಂದು ಹೊಸ್ತಿಲ ಮೇಲೆ ಕೂತ.

“ನಾವು ಹಿಡಿದಿದ್ದಾ, ಅವ್ರು ಬಿಟ್ಟಿದ್ದಾ?”

“ಈಗ ಗೊತ್ತಾಗಿ ಏನಾಗಬೇಕು ನಿನಗೆ?”

“ನನ್ನ ಹತ್ರ ಇರೋದು ಅದೊಂದೇ ದಿನ ಕಣೋ. ಉಳಿದಿದ್ದೆಲ್ಲ ಬೇರೆಯೋರ ಬಾಯಿ.”

ಹೀಗೆ ಶುರುವಾಯಿತು ಆಟ. ಅವನಿಗೆ ನೆಟ್ಟಗೆ ಬರೆಯಲು ಬರುವುದಿಲ್ಲ, ವಾದ ಮಾಡಲು ಬರುವುದಿಲ್ಲ, ಎರಕ ಹೊಯ್ಯಲು ಬರುತ್ತದೆ. ಸೇತುವೆಯನ್ನು ಎರಡು ಸಲ ಹೆಜ್ಜೆ ಹಾಕಿ ಅಳೆದ. ಮಂಚದಷ್ಟು ಅಗಲದ ಹಲಗೆಯ ಮೇಲೆ ಹೊಳೆ, ಸೇತುವೆ, ಎರಡು ದಂಡೆ, ಇಳಿಜಾರು ರಸ್ತೆ ಎಲ್ಲ ಪ್ಲಾಸ್ಟರಿನಲ್ಲಿ ಎಬ್ಬಿಸಿದ. ಹಲಗೆ ಇಡಲು ಮನೆಯಲ್ಲಿ ಜಾಗವಿದ್ದದ್ದು ಒಂದೇ, ಅಕ್ಕನ ಇಸ್ತ್ರಿ ಮೇಜು. ಕಂಬಳಿಯ ಮೇಲೆ ಹಳೆಯ ಬೆಡ್‌ಶೀಟು ಬಿಗಿದು ಮೆತ್ತೆ ಮಾಡಿದ ಆ ಮೇಜನ್ನು ವಾರದಲ್ಲಿ ಒಂದು ದಿನ, ಭಾನುವಾರ ಬೆಳಗ್ಗೆ ಮಾತ್ರ, ಬಿಟ್ಟುಕೊಡಲು ಅಕ್ಕ ಒಪ್ಪಿದಳು. ಒಂದು ದಿನ ಏಳು ದಿನವಾಗಲು ತಿಂಗಳು ಹಿಡಿಯಲಿಲ್ಲ. ಪಾಪ, ಅವಳು ಊಟದ ಮೇಜಿನ ಮೇಲೆ ಇಸ್ತ್ರಿ ಮಾಡುತ್ತಾ, ಇವನನ್ನು ಬೈಯುತ್ತಾ ದಿನ ನೂಕಿದಳು.

ಆಮೇಲೆ ಬೊಂಬೆಗಳು. ಹೆಬ್ಬೆರಳಿನ ಗೆಣ್ಣಿನಷ್ಟು ಎತ್ತರ. ಪೊಲೀಸರು ಬಿಳಿ ಪ್ಲಾಸ್ಟರು. ನಾವೆಲ್ಲ, ಕಟ್ಟುಹಲ್ಲಿಗೆ ಒಸಡು ಮಾಡುವ ಗುಲಾಬಿ ಬಣ್ಣದ ಪುಡಿ. ಎಂಬತ್ತಾರು ಜನ ಬಂಡುಕೋರರು ಒಸಡಿನ ಬಣ್ಣದಲ್ಲಿ ಕೂತದ್ದು ನೋಡಿದರೆ ಸೇತುವೆಯೇ ಹಲ್ಲು ಕಿರಿದಂತಿತ್ತು. ಆದರೆ ಮುಖ ಹತ್ತಿರದಿಂದ ನೋಡಬೇಕು. ಒಬ್ಬೊಬ್ಬರ ದವಡೆಯೂ ಅವರದೇ. ತೋಳುಗಳಿಗೆ ಕೊಕ್ಕೆಯಿತ್ತು, ಒಂದನ್ನು ಎತ್ತಿದರೆ ಪಕ್ಕದವೆರಡು ಅಲುಗುತ್ತಿದ್ದವು. ನನ್ನ ಬೊಂಬೆಗೆ ಮುಂದಿನ ಹಲ್ಲು ನೆಟ್ಟಗಿತ್ತು. ನನ್ನ ಮುಂದಿನ ಹಲ್ಲು ಸೇತುವೆಯ ದಿನ ಪೆಟ್ಟು ಬಿದ್ದು ಮುರಿದದ್ದು ಎಂದು ಊರೆಲ್ಲ ಹೇಳಿಕೊಂಡು ಬಂದವನು ನಾನು. ಅದು ಮಾರನೇ ವರ್ಷ ಮೆಟ್ಟಿಲು ಜಾರಿ ಬಿದ್ದಾಗ ಹೋಗಿದ್ದು. ಅಚ್ಚಣ್ಣ ಬಾಯಲ್ಲಿ ಏನೂ ಹೇಳಲಿಲ್ಲ. ಬೊಂಬೆ ಮಾಡಿಟ್ಟ, ಅಷ್ಟೆ.

ಬೊಂಬೆ ಎಂಬತ್ತಾರೇ ಯಾಕೆಂದರೆ, ಅವತ್ತು ಕಾರ್ಯದರ್ಶಿ ಬರೆದಿಟ್ಟ ಹಾಜರಿ ಪಟ್ಟಿಯಲ್ಲಿ ಎಂಬತ್ತಾರು ಸಹಿ ಇವೆ. ಸೇತುವೆ ಮೇಲೆ ಇದ್ದೆ ಎಂದು ಈಗ ಹೇಳಿಕೊಳ್ಳುವವರು ಮುನ್ನೂರು ದಾಟಿದ್ದಾರೆ, ಎಲ್ಲರೂ ಮುಂದಿನ ಸಾಲಿನಲ್ಲೇ. ಆದರೆ ಸೇತುವೆಯ ಅಗಲಕ್ಕೆ ಒಂಬತ್ತೇ ಬೊಂಬೆ ಹಿಡಿಯುತ್ತವೆ. ಹಾಗಾಗಿ ಕಟ್ಟುನಿಟ್ಟಿನ ತೀರ್ಮಾನವಾಯಿತು: ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಹಲಗೆಯ ಮೇಲೆ ಜಾಗವಿಲ್ಲ.

ನಿಯಮಗಳು ಒಂದು ಹಾಳೆಯ ಒಂದು ಬದಿಗೆ ಮುಗಿಯುತ್ತವೆ. ಅರ್ಧ ಗಂಟೆಗೆ ಒಂದು ಸುತ್ತು, ಹನ್ನೆರಡರಿಂದ ಮೂರರವರೆಗೆ ಆರು ಸುತ್ತು. ಒಂದು ಸುತ್ತಿಗೆ ಒಂದು ಬೆಂಕಿಕಡ್ಡಿಯಷ್ಟು ನಡಿಗೆ. ಒಂದು ಪಕ್ಕವಾದರೂ ತೋಳು ಸಿಕ್ಕಿಸಿಕೊಂಡವನನ್ನು ಎತ್ತಲು ಇಬ್ಬರು ಪೊಲೀಸರು ಬೇಕು, ದಾಳದಲ್ಲಿ ಐದೋ ಆರೋ ಬೀಳಬೇಕು. ಒಂಟಿ ಸಿಕ್ಕವನಿಗೆ ಒಬ್ಬ ಸಾಕು. ಅಧಿಕಾರಿ ನಿಂತರೆ ಅವನ ತುಕಡಿಯೂ ನಿಲ್ಲಬೇಕು. ಕೊನೆಯದು, ಮಾತಿಗೆ ಸಿಕ್ಕಿಬಿದ್ದ ಪೊಲೀಸು ಆ ಸುತ್ತಿನಲ್ಲಿ ಕದಲುವಂತಿಲ್ಲ.

ಈ ಕೊನೆಯ ನಿಯಮ ಬಂದದ್ದು ಕುಲುಮೆ ಮಾವನಿಂದ. ಅವರು ಕಾರ್ಖಾನೆಯ ಕುಲುಮೆ ಕಾಯುತ್ತಿದ್ದವರು. ಹೆಂಡತಿಯ ಕಡೆಯಿಂದ ನನಗೆ ಮಾವ, ಆಮೇಲೆ ಊರಿಗೆಲ್ಲ ಮಾವ. ಸೇತುವೆಯ ದಿನ ಅವರನ್ನು ಎಳೆಯಲು ಬಂದ ಪೊಲೀಸಿಗೆ ಹಲ್ಲುನೋವು ಇತ್ತು. “ಲವಂಗ ಇಟ್ಕೋ ಮಗ” ಎಂದು ಮಾವ ಶುರು ಮಾಡಿದವರು ತಮ್ಮ ಮನೆಮಂದಿಯ ಹಲ್ಲುಗಳ ಚರಿತ್ರೆಯನ್ನೆಲ್ಲ ಹೇಳಿದರು. ಅವನು ಕೆನ್ನೆ ಹಿಡಿದುಕೊಂಡು ಅರ್ಧ ಗಂಟೆ ನಿಂತಿದ್ದ.

ಕಾರ್ಯದರ್ಶಿ ತಕ್ಷಣ ಹಕ್ಕು ಮಂಡಿಸಿದರು. “ಹಾಗಾದ್ರೆ ನನ್ನ ಭಾಷಣಕ್ಕೂ ಆ ನಿಯಮ ಅನ್ವಯ ಆಗಬೇಕು. ನಾನು ಎರಡು ಗಂಟೆ ಮಾತಾಡಿದೀನಿ.”

“ಭಾಷಣ ಬೇರೆ, ಮಾತು ಬೇರೆ ಸಾರ್” ಎಂದ ಅಚ್ಚಣ್ಣ. “ಮಾತು ಅಂದ್ರೆ ಎದುರಿಗಿರೋನು ಉತ್ತರ ಕೊಡಬೇಕು.”

ಪೊಲೀಸರ ಕಡೆ ಆಡಲು ಯಾರೂ ಒಪ್ಪಲಿಲ್ಲ. ಚೀಟಿ ಎತ್ತಿದೆವು, ನನಗೆ ಬಂತು. ಅವತ್ತು ದೊಣ್ಣೆ ತಿಂದವನು ಇವತ್ತು ದೊಣ್ಣೆ ಬೀಸುವವನಾದೆ. ಉಳಿದ ಮೂವರು, ಅಂದರೆ ಅಚ್ಚಣ್ಣ, ಕಾರ್ಯದರ್ಶಿ, ಕುಲುಮೆ ಮಾವ, ಸಂಘದ ಕಡೆ.

ಇಲ್ಲಿ ನಮ್ಮವರ ಬುದ್ಧಿ ಹೇಳಬೇಕು. ಆಟ ಅಂದರೆ ದಾಳ ಹಾಕು, ಬೊಂಬೆ ನಡೆಸು. ನಮ್ಮವರು ಬೊಂಬೆ ಮುಟ್ಟುವ ಮೊದಲು ಸಭೆ ಕರೆದರು. ಮೂರನೇ ಸಾಲಿನ ಏಳನೇ ಬೊಂಬೆಯನ್ನು ಬೆಂಕಿಕಡ್ಡಿಯಷ್ಟು ಎಡಕ್ಕೆ ಸರಿಸಬೇಕು ಎಂದು ಒಬ್ಬರು ಮಂಡಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ವಿರೋಧವಿದ್ದರೆ ಚರ್ಚೆ, ಆಮೇಲೆ ಕೈಯೆತ್ತಿ ಮತ, ಕೊನೆಗೆ ನಡಾವಳಿ ಪುಸ್ತಕದಲ್ಲಿ ದಾಖಲು. ಒಂದು ಸುತ್ತಿಗೆ ಒಂದು ಭಾನುವಾರ. ಪೊಲೀಸರಿಗೆ ಸಮಿತಿಯಿಲ್ಲ, ನಾನೊಬ್ಬನೇ, ಚಹಾ ಆರುವುದರೊಳಗೆ ನನ್ನ ಸುತ್ತು ಮುಗಿಸುತ್ತಿದ್ದೆ. ಎರಡನೇ ಸುತ್ತಿಗೆ ನನ್ನ ವ್ಯಾನು ಇಳಿಜಾರು ಹತ್ತುತ್ತಿತ್ತು, ಮೂರಕ್ಕೆ ಸೇತುವೆಯ ಹಿಂತುದಿ, ನಾಲ್ಕಕ್ಕೆ ಸೇತುವೆ ಖಾಲಿ. ಮೂರು ವರ್ಷದಲ್ಲಿ ಮೂವತ್ತನಾಲ್ಕು ಆಟ. ಮೂವತ್ತನಾಲ್ಕೂ ಗೆದ್ದೆ. ಗೆದ್ದು ಇಷ್ಟು ನಾಚಿಕೆಪಟ್ಟವನು ನನ್ನ ಹಾಗೆ ಇನ್ನೊಬ್ಬನಿರಲಿಕ್ಕಿಲ್ಲ.

ಕಾರ್ಯದರ್ಶಿ ಘೋಷಣೆಗೂ ಬಲ ಕೊಡಬೇಕೆಂದು ಹಟ ಹಿಡಿದರು. ಕೊಟ್ಟೆವು. ಘೋಷಣೆ ಕೂಗಿದರೆ ಪೊಲೀಸರು ಅರ್ಧ ಕಡ್ಡಿ ಹಿಂದಕ್ಕೆ. ಐದನೇ ಸುತ್ತಿನವರೆಗೆ ಎಳೆದು ಸೋತರು.

ಪ್ರತಿ ಸೋಲಿನ ನಂತರ ಅಚ್ಚಣ್ಣ ಬೊಂಬೆಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಇಡುತ್ತಿದ್ದ. ಮೊದಮೊದಲು ಗೊಣಗುತ್ತಿದ್ದ, ಆಮೇಲೆ ಅದೂ ನಿಂತಿತು. ಮುಖ ಸುಟ್ಟ ಬದನೆಕಾಯಿಯ ಹಾಗಾಗಿರುತ್ತಿತ್ತು.

ಮೂವತ್ತನೇ ವರ್ಷದ ನೆನಪಿನ ದಿನ ಹತ್ತಿರ ಬಂತು. ಸಂಘದ ಕಚೇರಿಯ ಮುಂದಿನ ಕೋಣೆಯಲ್ಲಿ ಹಲಗೆಯನ್ನು ಇಟ್ಟು ಊರವರ ಮುಂದೆ ಆಟ ಆಡಿ ತೋರಿಸುವುದೆಂದು ನಿರ್ಣಯವಾಗಿತ್ತು. ಇನ್ನು ನಾಲ್ಕು ವಾರ ಉಳಿದಿದ್ದಾಗ ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು.

“ನೋಡಪ್ಪ ಅಚ್ಚಣ್ಣ, ಊರವರ ಮುಂದೆ ನಾವು ಸೋಲೋ ಹಾಗಿಲ್ಲ. ಒಂದು ಸಾಲು ಸೇರಿಸಿಬಿಡು. ವ್ಯಾನು ಬರುವುದಿಲ್ಲ ಅಂತ. ನಿಜವಾಗ್ಲೂ ಬರಲಿಲ್ಲವಲ್ಲ.”

“ಯಾಕೆ ಬರಲಿಲ್ಲ?”

“ಘೋಷಣೆ...”

“ಘೋಷಣೆ ಹಾಕಿ ನೋಡಿಯಾಯ್ತು ಸಾರ್. ಕಾರಣ ಹೇಳಿ, ವ್ಯಾನು ನಿಲ್ಲಿಸ್ತೀನಿ. ಕಾರಣ ಇಲ್ಲದೆ ನನ್ನ ಹಲಗೆ ಮೇಲೆ ಒಂದು ಬೊಂಬೆನೂ ನಿಲ್ಲಲ್ಲ.”

“ಅಲ್ಲಯ್ಯ, ಒಂದು ಆಟ ಇದು.”

“ಆಟಾನೇ. ಸುಮ್ಮನೆ ನಿಂತ್ರು ಅಂತ ಬರೆದ್ರೆ, ಆ ಡಾಕ್ಟ್ರು ಹೇಳಿದ್ದೂ ಅದೇ ತಾನೆ? ಅವ್ರು ಬಿಟ್ರು, ನಾವು ಕೂತ್ವಿ.” ಆಮೇಲೆ ಹಲಗೆಯತ್ತ ಕೈ ತೋರಿಸಿ ಹೇಳಿದ: “ಇನ್ನೊಂದು ಆಟ ಆಡೋಣ. ಅದರಲ್ಲೂ ಸೋತ್ರೆ ಇದನ್ನ ಮುರಿದು ಹಾಕ್ತೀನಿ. ಆ ದಿನದ ಮಾತೂ ಇನ್ನು ಎತ್ತಲ್ಲ.”

ಅಡುಗೆಮನೆಯಿಂದ ಅಕ್ಕನ ದನಿ ಬಂತು. “ಮುರಿದ್ರೆ ಕಸ ನೀನೇ ಗುಡಿಸಬೇಕು. ನನ್ನ ಮೇಜು ಸೋಮವಾರಕ್ಕೆ ಖಾಲಿಯಾಗಬೇಕು, ನಾಲ್ಕು ಮನೆ ಬಟ್ಟೆ ಬಂದು ಬಿದ್ದಿದೆ.”

ಮುಂದಿನ ಭಾನುವಾರ ಮೊದಲ ಸುತ್ತು. ಅದರ ಮುಂದಿನ ಭಾನುವಾರ ಎರಡನೆಯದು. ಅಕ್ಕನ ಸೋಮವಾರ ಒಂದು ವಾರ ಹಿಂದೆಯೇ ದಾಟಿಹೋಗಿತ್ತು. ನಾನು ವ್ಯಾನನ್ನು ಇಳಿಜಾರು ರಸ್ತೆಯ ಬುಡಕ್ಕೆ ತಂದಿಟ್ಟೆ. ಬೆಂಕಿಪೆಟ್ಟಿಗೆಯಿಂದ ಮಾಡಿ ಬಿಳಿ ಬಳಿದ ವ್ಯಾನದು. ಪಕ್ಕದಲ್ಲಿ ಅವರ ಅಧಿಕಾರಿಯ ಬೊಂಬೆ. ಸಮಿತಿ ತಲೆ ಕೆಳಗೆ ಹಾಕಿ ಕೂತಿತ್ತು. ಅಷ್ಟರಲ್ಲಿ ಅಕ್ಕ ಒಂದು ಗಂಟು ಬಟ್ಟೆ ತಬ್ಬಿಕೊಂಡು ಬಂದಳು, ಇವತ್ತು ಮೇಜು ಬಿಡಿಸಿಕೊಂಡೇ ಹೋಗುವವಳ ಹಾಗೆ. ಮೂರು ವರ್ಷದಲ್ಲಿ ಅವಳು ಹಲಗೆಯನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಅಲ್ಲಿಯವರೆಗೆ ಅದು ಅವಳ ಪಾಲಿಗೆ ಮೇಜು ತಿಂದ ಕಸ.

“ಈ ಡಬ್ಬಿ ಏನಿದು?”

“ಪೊಲೀಸ್ ವ್ಯಾನು ಅಕ್ಕ” ಎಂದೆ. “ಸೇತುವೆ ಹಿಂದಕ್ಕೆ ಹೋಗ್ತಿದೆ.”

“ಯಾವ ದಾರೀಲಿ?”

“ಇಳಿಜಾರು ರಸ್ತೇಲಿ.”

“ಎಷ್ಟು ಹೊತ್ತಿಗೆ?”

“ಹನ್ನೆರಡೂವರೆ.”

“ಹಾಗಾದ್ರೆ ಹೋಗಿರಲ್ಲ” ಎಂದು ಅಕ್ಕ ಗಂಟನ್ನು ಕುರ್ಚಿಯ ಮೇಲೆ ಹಾಕಿದಳು. “ಅಲ್ಲಿ ನನ್ನ ಗಾಡಿ ಅಡ್ಡ ಬಿದ್ದಿತ್ತಲ್ಲ.”

ಕೆಳಗೆ ಕೊಡೆ ರಿಪೇರಿಯವನು ಕಡ್ಡಿ ಬಡಿಯುವುದು ಕೇಳುತ್ತಿತ್ತು.

“ಯಾವ ಗಾಡಿ?” ಎಂದ ಅಚ್ಚಣ್ಣ.

“ಬಟ್ಟೆ ಗಾಡಿ ಕಣೋ. ಇನ್ಯಾವ ಗಾಡಿ, ಕುದುರೆ ಗಾಡಿನಾ ನಂದು? ಒಗೆದ ಬೆಡ್‌ಶೀಟು ನೂರಿಪ್ಪತ್ತು ಹೇರ್ಕೊಂಡು ಕೈಗಾಡಿ ತಳ್ತಾ ಹೊಳೆಯಿಂದ ಆಸ್ಪತ್ರೆಗೆ ಹತ್ತುತಿದ್ದೆ, ಒಣಗಿ ಹಾಕೋಕೆ. ಕೀಲು ಕಳಚ್ತು, ಗಾಡಿ ಮಗುಚ್ತು, ಎಲ್ಲ ರಸ್ತೆ ತುಂಬ. ಎತ್ಕೊಳ್ಳೋಣ ಅನ್ನೋದ್ರೊಳಗೆ ಆ ವ್ಯಾನು ದಡದಡ ಅಂತ ಬಂದು ಅದರ ಮೇಲೇ ಹತ್ತಿಸಿಬಿಡ್ತು. ಒದ್ದೆ ಬಟ್ಟೆ ಚಕ್ರಕ್ಕೆ, ಚಕ್ರದ ಅಚ್ಚಿಗೆ ಎಲ್ಲ ಸುತ್ಕೊಂಡು ಹಗ್ಗದ ಥರ ಬಿಗೀತು. ವ್ಯಾನು ಅಲ್ಲಾಡ್ಲಿಲ್ಲ.”

“ಆಮೇಲೆ?”

“ಆಮೇಲೇನು, ಆ ಸಾಹೇಬ ಕತ್ತರಿಸ್ರೋ ಅಂದ. ಕತ್ತರಿಸಿದ್ರೆ ಕೈ ಕತ್ತರಿಸ್ತೀನಿ ಅಂದೆ. ಆಸ್ಪತ್ರೆ ಮಾಲು. ಒಂದೊಂದಕ್ಕೂ ನಾನು ಸಹಿ ಹಾಕಿ ತಂದಿರೋದು. ಬಿಡಿಸಿ ಕೊಡಿ ಅಂದೆ. ಡ್ರೈವರು ವ್ಯಾನಿನ ಕೆಳಗೆ ಮಲಗಿ ಒಂದೊಂದೇ ಬಿಡಿಸ್ದ. ನಾನು ಪಕ್ಕದಲ್ಲಿ ಕೂತು ಎಳೀಬೇಡ, ಹರಿಯುತ್ತೆ, ಸುತ್ತು ಸುತ್ತು ಅಂತ ಹೇಳ್ಕೊಟ್ಟೆ.”

“ಉಳಿದೋರು? ಅರವತ್ತು ಜನ?” ಎಂದರು ಕುಲುಮೆ ಮಾವ.

“ಅವ್ರೇನು ಆಕಾಶ ನೋಡ್ತಾ ನಿಲ್ತಾರಾ? ದಾರಿ ತುಂಬ ಬಟ್ಟೆ ತುಳಿದಿದ್ರಲ್ಲ, ಹೊಳೆಗಿಳಿದು ಜಾಲಿಸಿ ತನ್ನಿ ಅಂದೆ. ತಂದ್ರು. ಬೆಡ್‌ಶೀಟು ಹಿಂಡೋಕೆ, ಮಡಚೋಕೆ ಇಬ್ಬರು ಬೇಕು. ಜೋಡಿ ಜೋಡಿ ನಿಲ್ಲಿಸ್ದೆ. ಒಬ್ಬನಿಗಾದ್ರೂ ಮೂಲೆಗೆ ಮೂಲೆ ಕೂಡಿಸೋಕೆ ಬರ್ತಿತ್ತಾ, ದೊಡ್ಡ ದೊಡ್ಡ ಆಳುಗಳು. ಎಲ್ಲ ಬಿಚ್ಚಿಸಿ ಎರಡನೇ ಸಲ ಮಡಚಿಸ್ದೆ.”

“ನಡೆದುಕೊಂಡು ಬರಬಹುದಿತ್ತಲ್ಲ ಅವರು” ಎಂದರು ಕಾರ್ಯದರ್ಶಿ. ಪೊಲೀಸರು ಬರಲಿಲ್ಲವೆಂದು ಅವರಿಗೆ ಬೇಸರವಾದಂತಿತ್ತು.

“ಒಬ್ಬ ಹಾಗೇ ಅಂದ. ಹಿಡಿದವರನ್ನ ತುಂಬೋಕೆ ವ್ಯಾನು ಬೇಕಲ್ಲ, ಹೆಗಲ ಮೇಲೆ ಹೊತ್ಕೊಂಡು ಬರ್ತೀಯಾ ಅಂತ ಸಾಹೇಬ ಬೈದ. ಯಾರನ್ನ ಹಿಡಿಯೋಕೆ ಹೊರಟಿದ್ರೋ ನನಗೇನು ಗೊತ್ತು. ಆಸ್ಪತ್ರೆಗೆ ಯಾರೋ ಮಂತ್ರಿ ಬರ್ತಾರೆ, ಅದಕ್ಕೆ ಕಾವಲು ಅಂದ್ಕೊಂಡೆ. ಮೂರು ಗಂಟೆ ಹೊತ್ತಿಗೆ ಯಾರೋ ಸೈಕಲ್ಲಲ್ಲಿ ಬಂದು ಅವನ ಕಿವೀಲಿ ಏನೋ ಹೇಳ್ದ. ವ್ಯಾನು ತಿರುಗಿಸ್ಕೊಂಡು ಹೋದ್ರು.”

ಅಚ್ಚಣ್ಣನ ಬಾಯಿ ತೆರೆದುಕೊಂಡೇ ಇತ್ತು. “ಮೂವತ್ತು ವರ್ಷ ಆಯ್ತಲ್ಲ ಅಕ್ಕ. ಒಂದು ಮಾತು ಹೇಳಬಾರದಿತ್ತಾ?”

“ಯಾವಾಗ ಹೇಳ್ಲಿ? ಅವತ್ತು ಸಂಜೆ ಹಣೆ ಊದಿಸ್ಕೊಂಡು ಬಂದು ಬಾಯಿ ತೆಗೆದೋನು ಇವತ್ತಿಗೂ ಮುಚ್ಚಿಲ್ಲ ನೀನು. ಸೇತುವೆ, ಸೇತುವೆ. ನಾನೂ ಅವತ್ತು ಜನ ಸಿಕ್ಕಿದ್ರು, ಕೆಲಸ ಹಗುರ ಆಯ್ತು ಅಂದೆ. ನೀನು ಹ್ಞೂಂ ಅಂದೆ.”

ಕುಲುಮೆ ಮಾವ ನಗತೊಡಗಿದರು. ಅರವತ್ತು ಜನ ಪೊಲೀಸರು ಹೊಳೆದಂಡೆಯಲ್ಲಿ ಜೋಡಿ ಜೋಡಿಯಾಗಿ ಬೆಡ್‌ಶೀಟು ಹಿಂಡುತ್ತಿದ್ದರು, ನಾವು ಇತ್ತ ಗಂಟಲು ಹರಿದುಕೊಳ್ಳುತ್ತಿದ್ದೆವು. ನಕ್ಕು ನಕ್ಕು ಮೇಲಿನ ಸೆಟ್ಟು ಜಾರಿ ಹೊಳೆಯ ಮಧ್ಯೆ ಬಿತ್ತು. ಅಚ್ಚಣ್ಣ ಅಭ್ಯಾಸಬಲದಿಂದ ಅದನ್ನೆತ್ತಿ ಒರೆಸಿ ಕೊಟ್ಟ.

ಕಾರ್ಯದರ್ಶಿ ನಗಲಿಲ್ಲ. ನಡಾವಳಿ ಪುಸ್ತಕ ಮುಚ್ಚಿದರು, ತೆರೆದರು. “ಇದಕ್ಕೆ ಸಾಕ್ಷಿ ಬೇಕಾಗುತ್ತೆ.”

“ಸಾಕ್ಷಿ ಮೇಲೇ ಮೊಣಕೈ ಊರಿ ಕೂತಿದೀರಲ್ಲ” ಎಂದು ಅಕ್ಕ ಹಲಗೆಯ ಅಂಚನ್ನು ಮೇಲೆತ್ತಿದಳು. ಇಸ್ತ್ರಿ ಮೇಜಿಗೆ ಬಿಗಿದ ಹಳೆಯ ಬೆಡ್‌ಶೀಟು. ಒಂದು ಮೂಲೆಯಲ್ಲಿ ಆಸ್ಪತ್ರೆಯ ಮುದ್ರೆ, ನಡುವೆ ಉದ್ದಕ್ಕೂ ಸುರುಳಿ ಸುರುಳಿಯಾಗಿ ಕಪ್ಪು ಗ್ರೀಸಿನ ಕಲೆ. “ಇದೊಂದು ಮಾತ್ರ ಏನು ಮಾಡಿದ್ರೂ ಬಿಳಿ ಆಗ್ಲಿಲ್ಲ. ವಾರ್ಡಿಗೆ ಬೇಡ, ನೀನೇ ತಗೊಂಡು ಹೋಗು ಅಂದ್ರು.”

ಮೂರು ವರ್ಷ ಅದರ ಮೇಲೆ ಕೂತು ಕಾರಣ ಹುಡುಕಿದ್ದೆವು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಸಾಕ್ಷಿಯಾದ ಮೇಲೆ ಕಾರ್ಯದರ್ಶಿಗೆ ಉಳಿದದ್ದು ಪಟ್ಟಿ. “ಗಾಡಿ ಸರಿ. ಆದ್ರೆ ಅಕ್ಕನವರ ಹೆಸರು ಹಾಜರಿಯಲ್ಲಿಲ್ಲ. ನಿಯಮದ ಪ್ರಕಾರ ಹಲಗೆ ಮೇಲೆ ಬರೋ ಹಾಗಿಲ್ಲ. ಒಂದು ದಾರಿ ಇದೆ. ಹಿಂದಿನ ತಾರೀಖಿನಿಂದ ಜಾರಿಗೆ ಬರೋ ಹಾಗೆ ಅವರಿಗೆ ಗೌರವ ಸದಸ್ಯತ್ವ ಕೊಟ್ಟು...”

“ನನಗೆ ಯಾವ ಸದಸ್ಯತ್ವನೂ ಬೇಡ” ಎಂದಳು ಅಕ್ಕ. “ನಾನು ನಿಮ್ಮ ಹೋರಾಟಕ್ಕೆ ಬರಲಿಲ್ಲ, ಬಟ್ಟೆಗೆ ಜಗಳ ಆಡಿದ್ದು. ಬೇಕಿದ್ರೆ ಗಾಡಿ ಇಟ್ಕೊಳ್ಳಿ, ಇಲ್ದಿದ್ರೆ ಸೋತ್ಕೊಂಡು ಕೂತಿರಿ.”

“ಹಾಗಾದ್ರೆ ಮತಕ್ಕೆ ಹಾಕೋಣ” ಎಂದು ಕಾರ್ಯದರ್ಶಿ ಪೆನ್ನು ತೆಗೆಯುವಷ್ಟರಲ್ಲಿ ಅಚ್ಚಣ್ಣ ಅಲ್ಲಿರಲಿಲ್ಲ. ಒಳಕೋಣೆಯಲ್ಲಿ ರಬ್ಬರ್ ಬಟ್ಟಲಿಗೆ ನೀರು ಹುಯ್ದ ಸದ್ದು, ಪ್ಲಾಸ್ಟರ್ ಕಲಸುವ ಸದ್ದು ಬಂತು. ಸಂಘ ಸೇರಿದ ಮೇಲೆ ನಿರ್ಣಯವಿಲ್ಲದೆ ಅವನು ಮಾಡಿದ ಮೊದಲ ಕೆಲಸ ಅದೇ ಇರಬೇಕು.

ಮುಂದಿನ ಭಾನುವಾರ ಬಂದಾಗ ಇಳಿಜಾರು ರಸ್ತೆಯಲ್ಲಿ ಮಗುಚಿದ ಕೈಗಾಡಿಯಿತ್ತು. ಹತ್ತಿಯ ಎಳೆಗಳ ಬೆಡ್‌ಶೀಟುಗಳಿದ್ದವು. ಎದುರಿಗೆ ಸೊಂಟದ ಮೇಲೆ ಕೈಯಿಟ್ಟ ಅಕ್ಕ. ಎಲ್ಲಕ್ಕಿಂತ ಎತ್ತರ ಅವಳದೇ ಬೊಂಬೆ, ಬಾಯಿ ಕಿವಿಯವರೆಗೆ ತೆರೆದಿತ್ತು.

ಅಕ್ಕ ಬಗ್ಗಿ ನೋಡಿದಳು. “ನನ್ನ ಬಾಯಿ ಇಷ್ಟು ದೊಡ್ಡದಾ?”

“ಅಳತೆ ಪ್ರಕಾರ ಮಾಡಿದೀನಿ” ಎಂದ ತಮ್ಮ, ತಲೆ ಎತ್ತದೆ. “ಇವತ್ತು ಸಭೆ ಇಲ್ಲ ಸಾರ್. ನಿಂತ ಕಡೆಯಿಂದ ಶುರು ಮಾಡೋಣ. ದಾಳ ಹಾಕಿ.”

ನಾನು ವ್ಯಾನು ತಳ್ಳಿದೆ. ಗಾಡಿಗೆ ತಾಗಿತು. ಅಧಿಕಾರಿಯನ್ನು ಮುಂದಕ್ಕೆ ನಡೆಸಿದೆ. ಅಕ್ಕನ ಬೊಂಬೆ ಒಂದು ಕಡ್ಡಿ ದೂರ. ಮಾತಿಗೆ ಸಿಕ್ಕಿಬಿದ್ದ. ಅಧಿಕಾರಿ ನಿಂತರೆ ತುಕಡಿ ನಿಲ್ಲಬೇಕು. ಸುತ್ತು ಮೂರು, ಸುತ್ತು ನಾಲ್ಕು. ನನ್ನ ನಲವತ್ತು ಜನ ಸೇತುವೆಯ ಈ ತುದಿಯಲ್ಲಿ ಎಳೆದರು, ಹದಿನೇಳು ಬೊಂಬೆ ಎತ್ತಿದರು. ಅವತ್ತೂ ಹೆಚ್ಚುಕಡಿಮೆ ಅಷ್ಟೇ ಜನರನ್ನು ಎತ್ತಿದ್ದು. ಉಳಿದವರ ಕೊಕ್ಕೆ ಬಿಡಲಿಲ್ಲ. ಐದನೇ ಸುತ್ತಿನಲ್ಲಿ ಒಳ್ಳೆಯ ದಾಳ ಬಿತ್ತು ನನಗೆ. ನಾಲ್ಕನೇ ಸಾಲು ಅಲುಗಿತು, ಅಚ್ಚಣ್ಣನ ಬೊಂಬೆ ಒಂದು ಕೈ ಕಳಚಿ ವಾಲಿತು. ಆದರೆ ಇನ್ನೊಂದು ಪಕ್ಕದಲ್ಲಿದ್ದದ್ದು ನನ್ನದೇ ಬೊಂಬೆ, ನೆಟ್ಟಗಿನ ಹಲ್ಲಿನದು. ಅದು ಅವನ ತೋಳು ಹಿಡಿದಿತ್ತು. ದಾಳ ಉರುಳಿಸಿದೆ, ಮೂರು ಬಿತ್ತು, ಸಾಲಲಿಲ್ಲ. ಆರನೇ ಸುತ್ತು ಮುಗಿಯಿತು. ಮೂರು ಗಂಟೆ.

ಸೇತುವೆಯ ಮೇಲೆ ಅರವತ್ತೊಂಬತ್ತು ಬೊಂಬೆಗಳು ಕೂತಿದ್ದವು.

ಅಚ್ಚಣ್ಣ ಒಂದೊಂದಾಗಿ ಎಣಿಸಿದ. “ಹಿಡಿದಿದ್ವಿ” ಎಂದ. ಆಮೇಲೆ, “ಅವ್ರು ಬಿಟ್ಟಿದ್ದಲ್ಲ. ನಲವತ್ತು ಜನಕ್ಕೆ ನಾವು ಸಾಕಾಗಿದ್ವಿ” ಎಂದ. ಎದ್ದು ಹೋಗಿ ಪ್ಲಾಸ್ಟರ್ ಬಟ್ಟಲನ್ನು ತೊಳೆದ. ಅದು ಬೆಳಗ್ಗೆಯೇ ತೊಳೆದಿಟ್ಟದ್ದಾಗಿತ್ತು.

ಮಾರನೇ ದಿನ ಆ ಎಳೆಯ ಡಾಕ್ಟರಿಗೂ ಹೇಳಿದನಂತೆ. ಅವರು ಪೂರ್ತಿ ಕೇಳಿ, “ಅಕ್ಕನಿಗೆ ಹಲ್ಲು ತೋರಿಸ್ಕೊಳ್ಳೋಕೆ ಬನ್ನಿ ಅಂತ ಹೇಳಿ, ಒಂದ್ಸಲ ಅವರನ್ನ ನೋಡ್ಬೇಕು” ಎಂದರಂತೆ. ಅಕ್ಕ ಹೋಗಲಿಲ್ಲ. ಅವಳ ಮೂವತ್ತೆರಡೂ ನೆಟ್ಟಗಿವೆ.

ನೆನಪಿನ ದಿನ ಹಲಗೆಯನ್ನು ನಾಲ್ವರು ಹೊತ್ತು ಸಂಘದ ಕಚೇರಿಗೆ ತಂದೆವು. ಕಾರ್ಯದರ್ಶಿ ಭಾಷಣ ಮಾಡಿದರು. ಮೂವತ್ತು ವರ್ಷದ ಭಾಷಣವೇ, ಒಂದು ಸಾಲು ಮಾತ್ರ ಹೊಸದು: “ನಮ್ಮ ಘೋಷಣೆಗಳ ಜೊತೆಗೆ ಕೆಲವು ತಾಂತ್ರಿಕ ಕಾರಣಗಳೂ ಪೊಲೀಸರ ಮುನ್ನಡೆಯನ್ನು ತಡೆದವು.” ತಾಂತ್ರಿಕ ಕಾರಣ ಹಿಂದಿನ ಬೆಂಚಿನಲ್ಲಿ ಕೂತು ಆಕಳಿಸುತ್ತಿತ್ತು. ನಿಯಮದ ಹಾಳೆಯ ಕೆಳಗೆ ಅಚ್ಚಣ್ಣ ತನ್ನ ಕೋಳಿಕಾಲಿನ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದ: ಮೊದಲ ಆಟ ಗಾಡಿ ಇಲ್ಲದೆ ಆಡಬೇಕು. ಸೋತವರು ಮಾತ್ರ ಗಾಡಿ ಕೇಳಬಹುದು.

ಈಗಲೂ ಭಾನುವಾರ ಕಚೇರಿಯಲ್ಲಿ ಆಡುತ್ತೇವೆ. ಪೊಲೀಸರ ಕಡೆ ನಾನೇ. ಗಾಡಿ ಬಂದಾಗಲೆಲ್ಲ ಸೋಲುತ್ತೇನೆ, ಸುಖವಾಗಿದೆ. ಆಟದ ನಂತರ ಒಮ್ಮೊಮ್ಮೆ ಅಚ್ಚಣ್ಣನ ಮನೆಗೆ ಹೋದರೆ ಅಕ್ಕ ತನ್ನ ಮೇಜಿನ ಮೇಲೆ, ಆ ಕಲೆಯ ಬೆಡ್‌ಶೀಟಿನ ಮೇಲೆ, ಯಾರದೋ ಅಂಗಿ ಹಾಸಿ ಇಸ್ತ್ರಿ ತಿಕ್ಕುತ್ತಿರುತ್ತಾಳೆ. ನನ್ನನ್ನು ಕಂಡರೆ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಕೇಳುತ್ತಾಳೆ.

“ಬನ್ನಿ ಸಾಹೇಬ್ರೇ. ಇದೊಂದು ಬಾಕಿ ಇದೆ. ಯಾವಾಗ ಒಗೆದು ಕೊಡ್ತೀರಿ?”